ಮುರಿದ ವಾದ್ಯ, ಒಂದು

ಚೀನಾದ ಕೊನೆಯ ಚಕ್ರವರ್ತಿ ಪುಯಿಯನ್ನು 1924ರ ನವೆಂಬರಿನಲ್ಲಿ ಬೀಜಿಂಗಿನ ಅರಮನೆಯಿಂದ ಹೊರಗೆ ಕಳಿಸಿದರು. ಆಮೇಲೆ ಅರಮನೆಯಲ್ಲಿ ಏನೇನಿದೆ ಎಂದು ಲೆಕ್ಕ ಮಾಡಲು ಒಂದು ಸಮಿತಿ ಬಂತು. ಅವರು ಕೋಣೆಯಿಂದ ಕೋಣೆಗೆ ಹೋಗಿ, ಕಂಡ ವಸ್ತುಗಳನ್ನೆಲ್ಲ ಪಟ್ಟಿಯಲ್ಲಿ ಬರೆದುಕೊಳ್ಳುತ್ತ ಹೋದರು.

ದಕ್ಷಿಣದ ಉಗ್ರಾಣದ ಮೂಲೆಯಲ್ಲಿ ಒಂದು ಉದ್ದನೆಯ ಮರದ ವಾದ್ಯ ಸಿಕ್ಕಿತು. ಮಾಡು ಸೋರಿ, ಮಳೆನೀರು ಮಣ್ಣಿನ ಜೊತೆ ಅದರ ಮೇಲೆ ಇಳಿದು ಒಣಗಿತ್ತು. ನೋಡಿದರೆ ಅದರ ಮೆರುಗೆಣ್ಣೆಯೆಲ್ಲ ಎದ್ದುಹೋದ ಹಾಗೆ ಕಾಣುತ್ತಿತ್ತು. ಪಟ್ಟಿ ಬರೆಯುವವರು ಬರೆದದ್ದು ಇಷ್ಟೇ: ಮುರಿದ ವಾದ್ಯ, ಒಂದು.

ಆ ವಾದ್ಯಕ್ಕೆ ಆಗಲೇ ಹೆಚ್ಚುಕಡಿಮೆ 1,170 ವರ್ಷ ವಯಸ್ಸು. ಮತ್ತು ಅದು ಮುರಿದಿರಲಿಲ್ಲ.

ಈ ಬರಹ ಆ ವಾದ್ಯದ ಬಗ್ಗೆ, ಅದೇ ಹೆಸರಿನ ಇನ್ನೊಂದು ವಾದ್ಯದ ಬಗ್ಗೆ, ಅವೆರಡರ ಕಥೆಯೊಳಗೆ ಬರುವ ಒಬ್ಬ ಬಡ ಗುರು ಮತ್ತು ಅವರ ಶಿಷ್ಯೆಯ ಬಗ್ಗೆ. ನಮ್ಮ ಗುಂಪಿನಲ್ಲಿ ಸಂಗೀತ ಕಲಿತವರು ಯಾರೂ ಇಲ್ಲ. ಆದರೂ ಈ ಕಥೆ ನಮ್ಮನ್ನು ಹಿಡಿದು ಕೂರಿಸಿತು. ಒಂದು ಹಳೆಯ ವಸ್ತು ಉಳಿಯುವುದು ಬೀಗ ಹಾಕಿದ ಕೋಣೆಯಲ್ಲೋ, ಬಳಸುವವರ ಕೈಯಲ್ಲೋ ಎಂಬ ಪ್ರಶ್ನೆ ಇದರೊಳಗಿದೆ.

ಏನಿದು ಗುಚಿನ್?

ಆ ವಾದ್ಯದ ಹೆಸರು ಗುಚಿನ್. ಚೀನೀ ಭಾಷೆಯಲ್ಲಿ ‘ಗು’ ಎಂದರೆ ಹಳೆಯದು, ‘ಚಿನ್’ ಎಂಬುದು ವಾದ್ಯದ ಹೆಸರು. ಸುಮಾರು ನಾಲ್ಕಡಿ ಉದ್ದ, ಒಂದು ಗೇಣಿಗಿಂತ ಕಡಿಮೆ ಅಗಲ. ಏಳು ತಂತಿ. ಹಿಂದೆಲ್ಲ ಆ ತಂತಿಗಳು ರೇಷ್ಮೆಯವು. ಮೇಲಿನ ಹಲಗೆಗೆ ಹಗುರವಾದ ಮೆತ್ತನೆಯ ಮರ, ಕೆಳಗಿನದಕ್ಕೆ ಗಟ್ಟಿ ಮರ, ನಡುವೆ ಟೊಳ್ಳು. ಮೇಲೆ ಜಿಂಕೆ ಕೊಂಬಿನ ಪುಡಿ ಕಲಸಿದ ಮೆರುಗೆಣ್ಣೆಯ ಲೇಪ.

ನಮ್ಮ ವೀಣೆಗೆ ಮೆಟ್ಟಿಲುಗಳಿರುತ್ತವೆ. ಗುಚಿನ್‌ಗೆ ಮೆಟ್ಟಿಲಿಲ್ಲ. ಅಂಚಿನಲ್ಲಿ ಹದಿಮೂರು ಚುಕ್ಕಿಗಳು ಮಾತ್ರ. ಆ ಚುಕ್ಕಿಗಳ ಅಂದಾಜಿನಲ್ಲಿ ಎಡಗೈ ಬೆರಳು ತಂತಿಯ ಮೇಲೆ ಜಾರುತ್ತದೆ, ಬಲಗೈ ಮೀಟುತ್ತದೆ. ಬಹಳ ಸಣ್ಣ ದನಿ. ಜಾತ್ರೆಗೆ, ಮೆರವಣಿಗೆಗೆ ಆಗುವ ವಾದ್ಯವಲ್ಲ ಇದು. ಒಂದು ಕೋಣೆಯಲ್ಲಿ ಒಬ್ಬರು ನುಡಿಸಿ, ಇಬ್ಬರು ಮೂವರು ಹತ್ತಿರ ಕೂತು ಕೇಳಬೇಕು.

ಕಾಲ ಕಳೆದ ಹಾಗೆ ಮೆರುಗೆಣ್ಣೆಯ ಲೇಪದ ಮೇಲೆ ಸಣ್ಣ ಬಿರುಕುಗಳು ಮೂಡುತ್ತವೆ. ಕೆಲವು ಹಾವಿನ ಹೊಟ್ಟೆಯ ಗೆರೆಗಳ ಹಾಗೆ, ಕೆಲವು ದನದ ಕೂದಲಿನ ಹಾಗೆ. ತಿಳಿದವರು ಆ ಬಿರುಕು ನೋಡಿ ವಾದ್ಯದ ವಯಸ್ಸು ಅಂದಾಜು ಮಾಡುತ್ತಾರೆ. ಬೇರೆ ಸಾಮಾನಿಗೆ ಬಿರುಕು ಕುಂದು, ಗುಚಿನ್‌ಗೆ ಅದೇ ಗೌರವ.

ಚೀನಾದಲ್ಲಿ ಗುಚಿನ್ ಬಗ್ಗೆ ಎಲ್ಲರಿಗೂ ಗೊತ್ತಿರುವ ಒಂದು ಕಥೆ ಇದೆ. ಬೋಯಾ ಎಂಬ ವಾದಕನಿದ್ದ. ಅವನು ಬೆಟ್ಟವನ್ನು ನೆನೆದು ನುಡಿಸಿದರೆ ಗೆಳೆಯ ಝೋಂಗ್ ಝಿಚಿಗೆ ಬೆಟ್ಟವೇ ಕಾಣುತ್ತಿತ್ತು. ಹರಿಯುವ ನೀರನ್ನು ನೆನೆದು ನುಡಿಸಿದರೆ ನೀರೇ ಕಾಣುತ್ತಿತ್ತು. ಗೆಳೆಯ ಸತ್ತ ದಿನ ಬೋಯಾ ತನ್ನ ವಾದ್ಯವನ್ನು ಒಡೆದುಹಾಕಿದ, ಮತ್ತೆ ನುಡಿಸಲಿಲ್ಲ. ಇವತ್ತಿಗೂ ಚೀನೀ ಭಾಷೆಯಲ್ಲಿ ಮನಸ್ಸು ಅರಿತ ಸ್ನೇಹಿತನಿಗೆ ‘ನಾದ ಬಲ್ಲವನು’ ಎಂಬ ಮಾತೇ ಇದೆ. ನುಡಿಸುವ ಕೈ ಎಷ್ಟು ಮುಖ್ಯವೋ ಕೇಳುವ ಕಿವಿಯೂ ಅಷ್ಟೇ ಮುಖ್ಯ ಎಂದು ಈ ಕಥೆ ಹೇಳುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಣ್ಣು ತೆಗೆದ ಕೈ

ಮತ್ತೆ ಅರಮನೆಗೆ ಬರೋಣ. ‘ಮುರಿದ ವಾದ್ಯ’ ಸುಮಾರು ಇಪ್ಪತ್ತು ವರ್ಷ ಹಾಗೇ ಬಿದ್ದಿತ್ತು. ಅಷ್ಟರಲ್ಲಿ ಅರಮನೆ ಮ್ಯೂಸಿಯಂ ಆಗಿತ್ತು. 1947ರಲ್ಲಿ ಅಲ್ಲಿ ಕೆಲಸಕ್ಕಿದ್ದ ವಾಂಗ್ ಷಿಶ್ಯಾಂಗ್ ಎಂಬ ಯುವಕನ ಕಣ್ಣಿಗೆ ಅದು ಬಿತ್ತು. ಆಗ ಅವರಿಗೆ 33 ವರ್ಷ. ಮಣ್ಣು ಮೆತ್ತಿದ್ದರೂ ಇದು ತಾಂಗ್ ರಾಜವಂಶದ ಕಾಲದ ಗುಚಿನ್ ಎಂದು ಅವರು ಗುರುತು ಹಿಡಿದರು, ಒಳ್ಳೆಯ ಉಗ್ರಾಣಕ್ಕೆ ಸಾಗಿಸಿದರು.

ಆದರೆ ಅದನ್ನು ಸರಿಮಾಡುವವರು ಯಾರು? 1949ರಲ್ಲಿ ಮ್ಯೂಸಿಯಮ್ಮಿನವರು ಗುವಾನ್ ಪಿಂಗ್‌ಹು ಅವರನ್ನು ಕರೆಸಿದರು.

ಗುವಾನ್ ಹುಟ್ಟಿದ್ದು 1897ರಲ್ಲಿ. ಅವರ ತಂದೆ ಅರಮನೆಯ ಚಿತ್ರಕಾರರು. ಗುವಾನ್ ತಾವೂ ಚಿತ್ರ ಬರೆಯುತ್ತಿದ್ದರು, ಗುಚಿನ್ ನುಡಿಸುತ್ತಿದ್ದರು, ಹಳೆಯ ವಾದ್ಯಗಳನ್ನು ರಿಪೇರಿ ಮಾಡುತ್ತಿದ್ದರು. ಚಳಿಗಾಲದಲ್ಲಿ ಸೋರೆ ಬುರುಡೆಯೊಳಗೆ ಹಾಡುವ ಹುಳುಗಳನ್ನು ಸಾಕಿ ಅವುಗಳ ದನಿ ಕೇಳುವುದು ಅವರಿಗೆ ಬಹಳ ಇಷ್ಟ. ಒಬ್ಬ ಗುರುವಿನ ಹತ್ತಿರ ಅಲ್ಲ, ಹಲವರ ಹತ್ತಿರ ಕಲಿತವರು. ಆದರೆ ಚಕ್ರಾಧಿಪತ್ಯ ಹೋಗಿ, ಯುದ್ಧ ಬಂದ ಕಾಲದಲ್ಲಿ ಸಣ್ಣ ದನಿಯ ಈ ವಾದ್ಯಕ್ಕೆ ಅನ್ನ ಕೊಡುವವರು ಯಾರಿದ್ದರು? ಅಷ್ಟು ದೊಡ್ಡ ವಾದಕ ಬಡತನದಲ್ಲೇ ದಿನ ಕಳೆದರು. ಚಿತ್ರ ಬರೆದು, ಪಾಠ ಹೇಳಿ ಬದುಕಿದರು.

ಅಂಥವರ ಕೈಗೆ ಅರಮನೆಯ ವಾದ್ಯ ಬಂತು. ತಿಂಗಳುಗಟ್ಟಲೆ ಕೂತು ಅವರು ಆ ಮಣ್ಣಿನ ಪದರವನ್ನು ತೆಗೆದರು. ಕೆಳಗೆ ಹಳೆಯ ಮೆರುಗೆಣ್ಣೆ ಹಾಗೇ ಇತ್ತು. ಹಿಂಬದಿಯಲ್ಲಿ ಕೆತ್ತಿದ ಹೆಸರೂ ಇತ್ತು: ದಾ ಷೆಂಗ್ ಯಿ ಯಿನ್. ಅಂದರೆ, ಮಹಾಜ್ಞಾನಿ ಬಿಟ್ಟುಹೋದ ನಾದ. ಒಳಗೆ ಬರೆದ ವರ್ಷವನ್ನು ನಮ್ಮ ಲೆಕ್ಕಕ್ಕೆ ತಂದರೆ ಕ್ರಿ.ಶ. 756.

ಆ ವರ್ಷ ಚೀನಾ ಹೊತ್ತಿ ಉರಿಯುತ್ತಿತ್ತು. ಆನ್ ಲುಷಾನ್ ಎಂಬ ಸೇನಾಪತಿ ದಂಗೆ ಎದ್ದಿದ್ದ. ರಾಜಧಾನಿ ಚಾಂಗಾನ್ ದಂಗೆಕೋರರ ಕೈಗೆ ಬಿತ್ತು. ಚಕ್ರವರ್ತಿ ಓಡಿಹೋದ, ದೂರದ ಊರಿನಲ್ಲಿ ಅವನ ಮಗ ಪಟ್ಟಕ್ಕೆ ಕೂತ. ಅಂಥ ವರ್ಷದಲ್ಲೂ ಯಾರೋ ಒಬ್ಬ ಕುಶಲಕರ್ಮಿ ಮರ ಆರಿಸಿ, ಹದ ಮಾಡಿ, ಇದನ್ನು ಮುಗಿಸಿದ್ದ. ತಂತಿ ಕಟ್ಟಿದ ಮೇಲೆ ಅದು ಮತ್ತೆ ನುಡಿಯಿತು. ಇಂದು ಅದು ಅರಮನೆ ಮ್ಯೂಸಿಯಮ್ಮಿನ ಅಮೂಲ್ಯ ವಸ್ತುಗಳಲ್ಲೊಂದು.

ಅದೇ ಹೆಸರಿನ ಇನ್ನೊಂದು

ಈಗ ಎರಡನೆಯ ವಾದ್ಯ. ಇದರ ಹೆಸರೂ ದಾ ಷೆಂಗ್ ಯಿ ಯಿನ್. ಇದೂ ತಾಂಗ್ ಕಾಲದ್ದು. ಆಕಾರ ಮಾತ್ರ ಸ್ವಲ್ಪ ಬೇರೆ. ಇದು ಇದ್ದದ್ದು ಅರಮನೆಯಲ್ಲಲ್ಲ, ಬೀಜಿಂಗಿನ ಒಂದು ಮನೆತನದಲ್ಲಿ. ಆ ಮನೆಯಲ್ಲಿ ಗುಚಿನ್ ನುಡಿಸುವವರಿದ್ದರು.

ಅರಮನೆಯ ವಾದ್ಯವನ್ನು ಗುರುತಿಸಿದ ವಾಂಗ್ ಷಿಶ್ಯಾಂಗ್ 1945ರಲ್ಲಿ ಯುವಾನ್ ಚುವಾನ್‌ಯೂ ಎಂಬವರನ್ನು ಮದುವೆಯಾಗಿದ್ದರು. ಯುವಾನ್ ಗುಚಿನ್ ವಾದಕಿ, ಗುವಾನ್ ಪಿಂಗ್‌ಹು ಅವರ ಶಿಷ್ಯೆ. ವಾಂಗ್‌ಗೆ ಸ್ವತಃ ನುಡಿಸಲು ಬರುತ್ತಿರಲಿಲ್ಲ. ಹೆಂಡತಿ ನುಡಿಸುವುದನ್ನು ಕೇಳುವುದು, ವಾದ್ಯಗಳನ್ನು ನೋಡಿಕೊಳ್ಳುವುದು ಅವರ ಪಾಲಿಗೆ. ಅದಕ್ಕೆ ತಮ್ಮನ್ನು ತಾವೇ ತಮಾಷೆಗೆ ‘ಗುಚಿನ್‌ನ ಗುಲಾಮ’ ಎಂದು ಕರೆದುಕೊಳ್ಳುತ್ತಿದ್ದರು.

1948ರಲ್ಲಿ ಆ ಮನೆತನದವರು ತಮ್ಮ ವಾದ್ಯ ಕೊಡಲು ಒಪ್ಪಿದರು. ಗಂಡ ಹೆಂಡತಿಯ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಮೂರು ಒಡವೆಗಳನ್ನೂ ಜಪಾನಿನಲ್ಲಿ ಅಚ್ಚಾದ ಹಳೆಯ ಚಿತ್ರಗಳ ಒಂದು ಅಪರೂಪದ ಪುಸ್ತಕವನ್ನೂ ಕೊಟ್ಟು ಚಿನ್ನ ಹೊಂದಿಸಿದರು. ಚೀನೀ ತೂಕದಲ್ಲಿ ಸುಮಾರು ಐದು ಲ್ಯಾಂಗ್, ನಮ್ಮ ಲೆಕ್ಕದಲ್ಲಿ ಹದಿಮೂರು ತೊಲದ ಹತ್ತಿರ. ಅದೂ ಸಾಲಲಿಲ್ಲ. ಮೇಲೆ ಮೂರು ಹಸಿರು ಹರಳಿನ ಉಂಗುರ ಇಟ್ಟರು. ಅವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ವಾಂಗ್ ಅವರ ತೀರಿಹೋದ ತಾಯಿಯದು.

ತಾಯಿಯ ಉಂಗುರ ಕೊಡುವುದು ಎಂದರೆ ಏನು ಎಂದು ನಮಗೆಲ್ಲ ಗೊತ್ತು. ಕಷ್ಟಕಾಲಕ್ಕೆ ಕಟ್ಟಕಡೆಗೆ ಹೊರಗೆ ತೆಗೆಯುವ ಒಡವೆ ಅದು. ಅದನ್ನು ಅವರು ತೆಗೆದದ್ದು ಗಾಜಿನ ಬೀರುವಿನಲ್ಲಿ ಇಡುವ ಸಾಮಾನಿಗಾಗಿ ಅಲ್ಲ, ಮನೆಯಲ್ಲಿ ದಿನವೂ ನುಡಿಯುವ ವಾದ್ಯಕ್ಕಾಗಿ.

ಹಾಳೆಯಲ್ಲಿದ್ದ ರಾಗ

ಗುವಾನ್ ಅವರ ನಿಜವಾದ ದೊಡ್ಡ ಕೆಲಸ ಇನ್ನೊಂದಿದೆ. ಅದನ್ನು ತಿಳಿಯಲು ಗುಚಿನ್‌ನ ಬರಹ ಹೇಗಿರುತ್ತದೆ ಎಂದು ಸ್ವಲ್ಪ ನೋಡಬೇಕು.

ಗುಚಿನ್ ಸಂಗೀತವನ್ನು ನೂರಾರು ವರ್ಷಗಳಿಂದ ಬರೆದಿಟ್ಟಿದ್ದಾರೆ. ಆದರೆ ಆ ಬರಹದಲ್ಲಿ ಇರುವುದು ಯಾವ ತಂತಿ, ಯಾವ ಬೆರಳು, ಯಾವ ಚುಕ್ಕಿಯ ಹತ್ತಿರ, ಹೇಗೆ ಮೀಟಬೇಕು ಎಂಬುದು ಮಾತ್ರ. ಪ್ರತಿ ಸ್ವರ ಎಷ್ಟು ಹೊತ್ತು ನಿಲ್ಲಬೇಕು ಎಂದು ಬರೆದಿರುವುದಿಲ್ಲ. ಅಜ್ಜಿಯ ಸಾರಿನ ಪುಡಿಗೆ ಏನೇನು ಎಷ್ಟೆಷ್ಟು ಎಂದು ಚೀಟಿ ಬರೆದಿಟ್ಟ ಹಾಗೆ ಅದು. ಎಷ್ಟು ಉರಿಯಲ್ಲಿ, ಎಷ್ಟು ಹೊತ್ತು ಹುರಿಯಬೇಕು ಎಂಬುದು ಅಜ್ಜಿಯ ಪಕ್ಕ ನಿಂತು ಕಲಿತವರಿಗೆ ಮಾತ್ರ ಗೊತ್ತು.

ಅದಕ್ಕೇ ಕಲಿಸುವವರು ಒಂದು ತಲೆಮಾರು ತಪ್ಪಿದರೆ ಹಾಳೆ ಉಳಿದರೂ ರಾಗ ಹೋಗುತ್ತದೆ. ಹಾಗೆ ಹೋದ ರಾಗವನ್ನು ಹಾಳೆಯಿಂದ ಮತ್ತೆ ಎಬ್ಬಿಸುವುದಕ್ಕೆ ಚೀನಾದಲ್ಲಿ ‘ದಾಪು’ ಎನ್ನುತ್ತಾರೆ. ಒಂದು ದೊಡ್ಡ ರಾಗಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು.

ಗುವಾನ್ ಇದರಲ್ಲಿ ಪಳಗಿದವರು. 1950ರ ದಶಕದಲ್ಲಿ ಸರ್ಕಾರದ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಯುವಾನ್ ಕೂಡ ಅಲ್ಲೇ ಕೆಲಸಕ್ಕಿದ್ದರು. ಅರಮನೆ ಮ್ಯೂಸಿಯಮ್ಮಿನ ಕೆಲಸ ಕಳೆದುಕೊಂಡ ವಾಂಗ್ ಕೂಡ 1953ರಲ್ಲಿ ಅಲ್ಲಿಗೇ ಬಂದರು. 1952ರ ಸರ್ಕಾರಿ ಆಂದೋಲನದಲ್ಲಿ ವಾಂಗ್ ಮೇಲೆ ಕಳ್ಳತನದ ಗುಮಾನಿ ಹೊರಿಸಿ ಹತ್ತು ತಿಂಗಳು ಕೂಡಿಹಾಕಿದ್ದರು. ಏನೂ ಸಿಗದೆ ಬಿಟ್ಟರು, ಆದರೆ ಕೆಲಸ ಮಾತ್ರ ವಾಪಸ್ ಕೊಡಲಿಲ್ಲ.

ಆ ಸಂಸ್ಥೆಯಲ್ಲಿ ಗುವಾನ್ ಮತ್ತೆ ಎಬ್ಬಿಸಿದ ರಾಗಗಳಲ್ಲಿ ಹೆಸರಾದದ್ದು ‘ಗುವಾಂಗ್‌ಲಿಂಗ್ ಸಾನ್’. ಮೂರನೆಯ ಶತಮಾನದ ಜಿ ಕಾಂಗ್ ಎಂಬ ಕವಿ, ಮರಣದಂಡನೆಗೆ ಮುಂಚೆ ಇದನ್ನು ಕೊನೆಯ ಬಾರಿ ನುಡಿಸಿ, ಇನ್ನು ಈ ರಾಗ ಹೋಯಿತು ಎಂದನಂತೆ. ರಾಗದ ಬರಹ 1425ರ ಒಂದು ಸಂಗ್ರಹದಲ್ಲಿ ಉಳಿದಿತ್ತು. ನುಡಿಸುವವರು ಇರಲಿಲ್ಲ. ಗುವಾನ್ ಕೂತು, ಒಂದೊಂದೇ ಗುರುತು ಓದಿ, ಬೆರಳಿಟ್ಟು ನೋಡಿ, ಅದನ್ನು ಮತ್ತೆ ಕಿವಿಗೆ ತಂದರು.

ಆಗ ಇಡೀ ದೇಶದಲ್ಲಿ ಗುಚಿನ್ ಬಲ್ಲವರು ಎಷ್ಟು ಜನ ಉಳಿದಿದ್ದರು ಗೊತ್ತೇ? 1956ರಲ್ಲಿ ಝಾ ಫುಶಿ ಎಂಬ ವಾದಕರ ಮುಂದಾಳತ್ವದಲ್ಲಿ ಒಂದು ಸಣ್ಣ ತಂಡ ಟೇಪ್ ಯಂತ್ರ ಹೊತ್ತು ಊರೂರು ತಿರುಗಿತು. ಅವರಿಗೆ ಸಿಕ್ಕ ವಾದಕರು ನೂರಕ್ಕೂ ಕಡಿಮೆ. ಅಷ್ಟು ದೊಡ್ಡ ದೇಶದಲ್ಲಿ ಮೂರು ಸಾವಿರ ವರ್ಷದ ವಾದ್ಯಕ್ಕೆ ಉಳಿದಿದ್ದ ಕೈಗಳು ಅಷ್ಟೇ.

ಕನ್ನಡದ ಜೊತೆ ಹೋದ ನಾದ

1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾಯಿತು. ಹಳೆಯದನ್ನೆಲ್ಲ ಒಡೆಯಬೇಕು ಎಂಬ ಕೂಗು ಬೀದಿಗೆ ಬಂತು. ವಾಂಗ್ ಮತ್ತು ಯುವಾನ್ ದಂಪತಿಯ ಸಂಗ್ರಹ ಮನೆಯಿಂದ ಹೋಯಿತು. ಅದರಲ್ಲಿ ಬಹುಪಾಲು ವಾಪಸ್ ಬಂದದ್ದು ವರ್ಷಗಳ ಮೇಲೆ. ಇಬ್ಬರನ್ನೂ ಬೇರೆ ಬೇರೆ ಕಡೆ ದುಡಿಮೆಗೆ ಕಳಿಸಿದರು. ಗುವಾನ್ ಪಿಂಗ್‌ಹು 1967ರಲ್ಲಿ ತೀರಿಕೊಂಡರು.

ಅವರು ಹೋಗಿ ಹತ್ತು ವರ್ಷಕ್ಕೆ, 1977ರಲ್ಲಿ, ಅಮೆರಿಕದ ನಾಸಾ ಎರಡು ವಾಯೇಜರ್ ನೌಕೆಗಳನ್ನು ಬಾಹ್ಯಾಕಾಶಕ್ಕೆ ಹಾರಿಸಲು ತಯಾರಿ ನಡೆಸಿತ್ತು. ಪ್ರತಿ ನೌಕೆಯಲ್ಲೂ ಚಿನ್ನದ ಲೇಪದ ಒಂದು ಗ್ರಾಮಫೋನ್ ತಟ್ಟೆ. ಎಂದಾದರೂ, ಎಲ್ಲಾದರೂ ಯಾರಿಗಾದರೂ ಸಿಕ್ಕರೆ ಭೂಮಿಯ ಬಗ್ಗೆ ತಿಳಿಯಲಿ ಎಂದು. ಚೀನಾದ ಸಂಗೀತ ಯಾವುದಿರಲಿ ಎಂದು ತಟ್ಟೆ ತಯಾರಿಸುವವರು ಅಮೆರಿಕದಲ್ಲಿದ್ದ ಚೀನೀ ಸಂಗೀತಗಾರ ಚೌ ವೆನ್‌ಚುಂಗ್ ಅವರಿಗೆ ಫೋನ್ ಮಾಡಿ ಕೇಳಿದರು. ಅವರು ಹೇಳಿದ್ದು ಗುವಾನ್ ಪಿಂಗ್‌ಹು ನುಡಿಸಿದ ‘ಲಿಯು ಷುಯಿ’. ಅಂದರೆ ಹರಿಯುವ ನೀರು. ಬೋಯಾನ ಕಥೆಯ ಅದೇ ನೀರು.

ಸುಮಾರು ಏಳೂವರೆ ನಿಮಿಷದ ಆ ವಾದನ ಎರಡೂ ತಟ್ಟೆಗಳಲ್ಲಿದೆ. ಅದೇ ತಟ್ಟೆಯಲ್ಲಿ ಗೋವಾದಲ್ಲಿ ಹುಟ್ಟಿದ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿ ಇದೆ. 55 ಭಾಷೆಗಳ ನಮಸ್ಕಾರಗಳೂ ಇವೆ. ಆ 55ರಲ್ಲಿ ನಮ್ಮ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಶುಭ ಕೋರುವ ಒಂದು ಪುಟ್ಟ ಮಾತು. ಎರಡೂ ನೌಕೆಗಳು ಈಗ ಸೂರ್ಯನ ಗಾಳಿ ಬೀಸುವ ಎಲ್ಲೆಯನ್ನೂ ದಾಟಿ ಹೋಗಿವೆ. ಅಲ್ಲಿ ನಮ್ಮ ನುಡಿ ಮತ್ತು ಆ ಬಡ ವಾದಕನ ನಾದ ಒಂದೇ ತಟ್ಟೆಯಲ್ಲಿ ಪ್ರಯಾಣ ಮಾಡುತ್ತಿವೆ.

ನಾವು ಅದನ್ನು ಫೋನಿನಲ್ಲಿ ಹಾಕಿ ಕೇಳಿದೆವು. ಮೊದಲ ಸಲ ಏನೂ ತಿಳಿಯಲಿಲ್ಲ. ಎರಡನೆಯ ಸಲ ರಾತ್ರಿ, ಊರು ಮಲಗಿದ ಮೇಲೆ, ಇಯರ್‌ಫೋನ್ ಹಾಕಿಕೊಂಡು ಕೇಳಿದೆವು. ತಂತಿಯ ದನಿಯ ಕೆಳಗೆ ಬೆರಳು ರೇಷ್ಮೆಯ ಮೇಲೆ ಉಜ್ಜುವ ಸದ್ದು ಕೇಳಿಸುತ್ತದೆ. ಮೊದಲು ಹನಿ, ಆಮೇಲೆ ತೊರೆ, ನಡುವೆ ಕಲ್ಲುಬಂಡೆಗೆ ಬಡಿಯುವ ನೀರು. ಅರ್ಥ ಹೇಳಿಕೊಡುವವರು ಬೇಕಾಗಲಿಲ್ಲ.

ಹದಿಮೂರು ತೊಲದಿಂದ ಕೋಟಿಗೆ

ಯುವಾನ್ ಚುವಾನ್‌ಯೂ ಸಂಗೀತ ಚರಿತ್ರೆಯ ಕೆಲಸದಲ್ಲಿ ಬಾಳು ಸವೆಸಿದರು. ಹಳೆಯ ಚಿತ್ರಗಳಲ್ಲಿ, ಕೆತ್ತನೆಗಳಲ್ಲಿ ಬರುವ ವಾದ್ಯಗಳನ್ನು ಹುಡುಕಿ ಕಲೆಹಾಕಿದರು. ಗಂಡ ಹಳೆಯ ಪೀಠೋಪಕರಣಗಳ ಬಗ್ಗೆ ಬರೆದ ಪುಸ್ತಕಕ್ಕೆ ರೇಖಾಚಿತ್ರಗಳನ್ನು ಬರೆದುಕೊಟ್ಟರು. 2003ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಮುಂದಿನ ತಿಂಗಳು ಎರಡು ಸಂಗತಿ ನಡೆದವು. ನವೆಂಬರ್ 7ರಂದು ಯುನೆಸ್ಕೋ ಗುಚಿನ್ ಸಂಗೀತವನ್ನು ಮನುಕುಲದ ಪರಂಪರೆಯ ಮೇರುಕೃತಿಗಳ ಪಟ್ಟಿಗೆ ಸೇರಿಸಿತು. ನವೆಂಬರ್ 26ರಂದು ವಾಂಗ್ ತಮ್ಮ ಮನೆಯ ಸಂಗ್ರಹವನ್ನು ಬೀಜಿಂಗಿನಲ್ಲಿ ಹರಾಜಿಗೆ ಇಟ್ಟರು. ಆಗ ಅವರಿಗೆ 89 ವರ್ಷ. ನುಡಿಸುವ ಕೈ ಮನೆಯಲ್ಲಿ ಇರಲಿಲ್ಲ. ತಮ್ಮಿಂದ ಸೇರಿದ್ದು ತಮ್ಮ ಕೈಯಿಂದಲೇ ಹೊರಡಲಿ ಎಂಬುದು ಅವರ ನಿಲುವು.

ತಾಯಿಯ ಉಂಗುರ ಕೊಟ್ಟು ತಂದ ದಾ ಷೆಂಗ್ ಯಿ ಯಿನ್ 89 ಲಕ್ಷ 10 ಸಾವಿರ ಯುವಾನ್‌ಗೆ ಹೋಯಿತು. ಅಂದಿನ ದರದಲ್ಲಿ ಸುಮಾರು 5 ಕೋಟಿ ರೂಪಾಯಿ. 2011ರಲ್ಲಿ ಅದೇ ವಾದ್ಯ ಮತ್ತೆ ಹರಾಜಿಗೆ ಬಂತು. ಈ ಸಲ 11 ಕೋಟಿ 50 ಲಕ್ಷ ಯುವಾನ್. ರೂಪಾಯಿಯಲ್ಲಿ ಸುಮಾರು 80 ಕೋಟಿ.

ಬೆಲೆ ಏರಿದ್ದಕ್ಕೆ ಸಂತೋಷಪಡಬೇಕೋ ಬೇಡವೋ ಎಂದು ನಮ್ಮಲ್ಲೇ ಚರ್ಚೆ ಆಯಿತು. ಬೆಲೆ ಬಂದರೆ ಯಾರೂ ಸೋರುವ ಉಗ್ರಾಣದಲ್ಲಿ ಬಿಸಾಡುವುದಿಲ್ಲ, ಅದು ನಿಜ. ಆದರೆ 80 ಕೋಟಿಯ ವಾದ್ಯವನ್ನು ದಿನಾ ಸಂಜೆ ತೊಡೆಯ ಮುಂದೆ ಇಟ್ಟುಕೊಂಡು ಕಲಿಯುವ ಹುಡುಗಿ ಯಾರು? ಗುವಾನ್ ಬದುಕಿದ್ದರೆ ಅವರಿಗೆ ಅದನ್ನು ಮುಟ್ಟಲು ಬಿಡುತ್ತಿದ್ದರೇ? ಸೋರುವ ಮಾಡಿನ ಕೆಳಗೂ ವಾದ್ಯ ಮೂಕ, ಲಾಕರಿನ ಒಳಗೂ ಮೂಕ. ಅದು ಮಾತಾಡಿದ್ದು ನಡುವಿನ ಆ ಐವತ್ತು ಚಿಲ್ಲರೆ ವರ್ಷ, ಒಬ್ಬ ನುಡಿಸುವ ಹೆಂಡತಿ, ಒಬ್ಬ ಕೇಳುವ ಗಂಡ ಇದ್ದ ಮನೆಯಲ್ಲಿ.

ಉಳಿಸಿಕೊಂಡ ಬುಟ್ಟಿ

ಇಷ್ಟೆಲ್ಲ ಮಾರಿದ ವಾಂಗ್ ಒಂದು ವಸ್ತುವನ್ನು ಮಾತ್ರ ಇಟ್ಟುಕೊಂಡರು. ಅದು ಸಂತೆಗೆ ಒಯ್ಯುವ ಒಂದು ಬುಟ್ಟಿ. ಅದಕ್ಕೆ ಎರಡು ಹಿಡಿಗಳು. ತರಕಾರಿ ತರಲು ಹೋಗುವಾಗ ಒಂದು ಹಿಡಿ ಅವರು, ಇನ್ನೊಂದು ಹಿಡಿ ಹೆಂಡತಿ ಹಿಡಿದು ಪಕ್ಕಪಕ್ಕ ನಡೆಯುತ್ತಿದ್ದರು. ತಾವು ಸತ್ತ ಮೇಲೆ ಇಬ್ಬರ ಸಮಾಧಿಯ ನಡುವೆ ಆ ಬುಟ್ಟಿ ಇಡಬೇಕು ಎಂಬುದು ಅವರ ಆಸೆ. ಅದನ್ನು ಅವರು ಬರೆದೂ ಇಟ್ಟಿದ್ದರು. 2009ರಲ್ಲಿ ಅವರು ತೀರಿಕೊಂಡರು.

ಆ ಬುಟ್ಟಿಯನ್ನು ಅಂದಿನ ಅರಮನೆಯ ಸಮಿತಿಯವರು ಕಂಡಿದ್ದರೆ ಏನು ಬರೆಯುತ್ತಿದ್ದರು? ‘ಹಳೆಯ ಬುಟ್ಟಿ, ಒಂದು.’

ಪಟ್ಟಿ ಬರೆಯುವವರ ತಪ್ಪೇನೂ ಇಲ್ಲ. ಕಣ್ಣಿಗೆ ಕಂಡದ್ದನ್ನು ಬರೆದರು. ಆದರೆ ಒಂದು ವಸ್ತು ನಿಜಕ್ಕೂ ಮುರಿದಿದೆಯೋ, ಇಲ್ಲ ನುಡಿಸುವವರಿಲ್ಲದೆ ಸುಮ್ಮನಿದೆಯೋ ಎಂದು ತಿಳಿಯಲು ಪಟ್ಟಿ ಸಾಲದು. ಅದನ್ನು ಎತ್ತಿ, ಮಣ್ಣು ಒರೆಸಿ, ತಂತಿ ಕಟ್ಟಿ, ಒಮ್ಮೆ ಮೀಟಿ ನೋಡಬೇಕು. ಪಕ್ಕದಲ್ಲಿ ಕೇಳಲು ಒಬ್ಬರು ಕೂತಿರಬೇಕು.